ಅಣ್ಣ ಮನೆಗೆ ಬಂದ ದಿನಗಳು

ಬೆಳಿಗ್ಗೆ ಕೆನಡಾದಿಂದ ಅಣ್ಣನ ಫೋನು. "2023ರಲ್ಲಿ ನಾನು ಊರಿಗೆ ಬಂದದ್ದು ಯಾವತ್ತು, ಹೋದದ್ದು ಯಾವತ್ತು, ಸ್ವಲ್ಪ ನೋಡಿ ಹೇಳೇ. ಪಾಸ್‌ಪೋರ್ಟಿನ ಸೀಲು ಮಾಸಿಹೋಗಿದೆ."

ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುತ್ತಿದ್ದಾನೆ. ಹಿಂದಿನ 5 ವರ್ಷದಲ್ಲಿ 1095 ದಿನ ಅಲ್ಲೇ ಇದ್ದಿರಬೇಕು. ಹೊರಗೆ ಹೋದ ದಿನಗಳ ಲೆಕ್ಕವನ್ನೂ ಬರೆದು ಕೊಡಬೇಕು.

ನಮ್ಮ ಮನೆಯಲ್ಲಿ ಲೆಕ್ಕ ಅಂದರೆ ಅಪ್ಪನ ಕ್ಯಾಲೆಂಡರ್. ತೀರ್ಥಹಳ್ಳಿಯ ಅಡಿಕೆ ಮಂಡಿಯವರು ಕೊಟ್ಟದ್ದು. ಹಳೆಯದನ್ನೂ ಬಿಸಾಡುವುದಿಲ್ಲ, ಅದೇ ಮೊಳೆಗೆ ಒಂದರ ಮೇಲೊಂದು. ಜುಲೈ ಹಾಳೆ ತೆಗೆದೆ. ಮಳೆಗಾಲದ ತೇವಕ್ಕೆ ಅಂಚು ಕಪ್ಪಾಗಿದೆ. 9ನೇ ತಾರೀಖಿನ ಚೌಕದಲ್ಲಿ ನೀಲಿ ಪೆನ್ನಿನಲ್ಲಿ, "ಕೊಳೆ ಔಷಧಿ ಹೊಡೆದದ್ದು, 2 ಡ್ರಮ್." ಅದರ ಕೆಳಗೇ, "ಮಗ ಬಂದ." 30ಕ್ಕೆ ಏನೂ ಬರೆದಿಲ್ಲ. ಒಂದು ಗೆರೆ, ಅಷ್ಟೇ. ಅವತ್ತೇ ಅವನು ಹೋದದ್ದು.

ಅಷ್ಟೂ ದಿನ ಅವನು ಮನೆಯಲ್ಲಿದ್ದ ಅಂತ ನಾವು ಎಣಿಸಿದ್ದೆವು. ಅಲ್ಲಿನ ಲೆಕ್ಕದಲ್ಲಿ ಅವು ಅವನು ಇಲ್ಲದ ದಿನಗಳು, ಅಲ್ವಾ? ಸುಮ್ನೆ ಅದನ್ನೇ ಯೋಚಿಸುತ್ತಾ ನಿಂತೆ.

ಅಪ್ಪ ಕೇಳಿದ್ದು ಒಂದೇ. "ಆಮೇಲೆ ಅವನಿಗೆ ತೋಟ ಬರಲ್ವೇನೇ?"

ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ. ಈ ಪಾಸ್‌ಪೋರ್ಟ್ ಒಪ್ಪಿಸಿ, ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು. ಆಮೇಲೆ ತೋಟ, ಗದ್ದೆ ಕೊಳ್ಳುವ ಹಾಗಿಲ್ಲ. ಆದರೆ ಅಪ್ಪನ ಕಡೆಯಿಂದ ವಾರಸಾಗಿ ಬರುವುದಕ್ಕೆ ಅಡ್ಡಿ ಇಲ್ಲ. ಇಷ್ಟನ್ನೂ ಬಿಡಿಸಿ ಹೇಳಿದೆ.

ಅಪ್ಪ ತಲೆಯಾಡಿಸಿದರು. ಕ್ಯಾಲೆಂಡರ್ ಇಸಿದುಕೊಂಡು, ಧೂಳು ಒರೆಸಿ, ಅದೇ ಮೊಳೆಗೆ ತೂಗುಹಾಕಿದರು.