ಪಾತಿಗೆ ಹೊದಿಕೆ ಹಾಸುವ ದಿನ

10 ಅಡಿ ಉದ್ದ, 4 ಅಡಿ ಅಗಲದ ಪಾತಿಗೆ ತರಗೆಲೆ, ಹುಲ್ಲು, ಮರದ ಚಕ್ಕೆಯಂಥದ್ದನ್ನು ಮಣ್ಣಿನ ಮೇಲೆ ಹೊದಿಕೆಯಾಗಿ (ಮಲ್ಚ್) 3 ಇಂಚು ದಪ್ಪ ಹಾಸಲು 10 ಘನ ಅಡಿ ಸಾಮಗ್ರಿ ಬೇಕು. 15 ಲೀಟರಿನ ಬಕೆಟ್ಟಿನಲ್ಲಿ ಸುಮಾರು 19. ತರಗೆಲೆ ರಾಶಿ ನೋಡಿದಾಗ ಧಾರಾಳವಾಯಿತು ಅನ್ನಿಸುತ್ತದೆ, ಅರ್ಧ ಪಾತಿಗೇ ಖಾಲಿಯಾಗುತ್ತದೆ.

ಮೊದಲು ಕಳೆ. ಹೊದಿಕೆ ಹಾಸುವುದೇ ಕಳೆ ತಡೆಯಲು, ಮತ್ತೆ ಕೀಳುವುದೇಕೆ ಎನ್ನುವವರುಂಟು. ಬೆಳಕು ಸಿಗದೆ ಸೊರಗುವುದು ಬೀಜದಿಂದ ಹುಟ್ಟುವ ಸಣ್ಣ ಕಳೆ ಮಾತ್ರ. ಗರಿಕೆ, ಕೊನ್ನಾರಿ ಇದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ, ತೂರಿಕೊಂಡು ಬರುತ್ತವೆ. ಗಡ್ಡೆ ಸಮೇತ ಅಗೆದು ತೆಗೆಯಬೇಕು.

ಆಮೇಲೆ ನೀರು. ಒಣ ಮಣ್ಣಿನ ಮೇಲೆ ಹಾಸಿದರೆ ಹೊದಿಕೆ ಆ ಒಣಗನ್ನೇ ಕಾಪಾಡುತ್ತದೆ. ಹನಿ ನೀರಾವರಿ ಪೈಪು ಅಡಿಗೆ ಹೋಗುವುದಾದರೆ ಮುಚ್ಚುವ ಮುನ್ನ ಒಮ್ಮೆ ನೀರು ಬಿಟ್ಟು ನೋಡಿ. ಕಟ್ಟಿಕೊಂಡ ತೂತು ಆಮೇಲೆ ಗಿಡ ಬಾಡಿದಾಗಲೇ ಗೊತ್ತಾಗುವುದು.

ಅಗಲ ಎಲೆಗಳನ್ನು ಇಡಿಯಾಗಿ ಹಾಕಿದರೆ ಚಾಪೆಯಂತೆ ಅಂಟಿಕೊಂಡು ನೀರು ಜಾರಿಸುತ್ತವೆ, ಪುಡಿ ಮಾಡಿಕೊಳ್ಳಿ. ಹಸಿ ಹುಲ್ಲನ್ನು ದಪ್ಪಗೆ ಸುರಿದರೆ ಬಿಸಿಯೇರಿ, ಲೋಳೆಯಾಗಿ ನಾರುತ್ತದೆ. ಎರಡು ಮೂರು ದಿನ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಒಂದೊಂದು ಇಂಚಿನಂತೆ ಹಾಕಬೇಕು. ಮರದ ಚಕ್ಕೆ ಮಣ್ಣಿನ ಸಾರಜನಕ ಹೀರುತ್ತದೆ ಎಂಬ ಭಯ ಅರ್ಧ ನಿಜ. ಮೇಲೆ ಹಾಸಿದರೆ ಪರಿಣಾಮ ಮೇಲ್ಪದರದಲ್ಲೇ ಮುಗಿಯುತ್ತದೆ, ಮಣ್ಣಿಗೆ ಬೆರೆಸಿದರೆ ಮಾತ್ರ ಎಲೆ ಹಳದಿಯಾಗುತ್ತದೆ. ರಾಶಿ ಕೆದಕಿದಾಗ ಹುಳಿ ವಾಸನೆ ಬಂದರೆ ಎರಡು ದಿನ ಗಾಳಿಗೆ ಹರಡಿ. ಹಾಗೇ ಹಾಕಿದರೆ ಎಳೆ ಗಿಡ ಸುಡುತ್ತದೆ.

ಬುಡದ ವಿಷಯದಲ್ಲಂತೂ ಉದಾರಿಗಳಾಗಬೇಡಿ. ಕಾಂಡದ ಸುತ್ತ ಗುಡ್ಡೆ ಹಾಕಿದ ಗಿಡವೊಂದನ್ನು ಕೆಲವು ತಿಂಗಳ ಮೇಲೆ ಬಿಡಿಸಿ ನೋಡಿ: ತೊಗಟೆ ಕಪ್ಪಾಗಿ ಮೆತ್ತಗಾಗಿರುತ್ತದೆ, ಉಗುರು ತಾಗಿಸಿದರೆ ಸಿಪ್ಪೆಯಂತೆ ಸುಲಿಯುತ್ತದೆ. ಗಿಡಕ್ಕೆ 2–3 ಇಂಚು, ಮರಕ್ಕೆ ಅರ್ಧ ಅಡಿ ಜಾಗ ಬಿಡಿ. ಬೀಜ ಬಿತ್ತಿದ ಸಾಲಿನ ಮೇಲೆ ಏನೂ ಬೇಡ. ಸಸಿ ಗೇಣುದ್ದ ಬರಲಿ.

ತುಂತುರು ಮಳೆಯಾದ ಮರುದಿನ ಹೊದಿಕೆ ಸರಿಸಿ ಬೆರಳು ಊರಿ ನೋಡಿ. ಮೇಲೆ ಒದ್ದೆ, ಕೆಳಗೆ ಬರೀ ಧೂಳು ಇರುವುದುಂಟು. ಆಗ ಪೈಪು ಹಿಡಿಯಲೇಬೇಕು.