ನಾಲ್ಕು ಗಂಟೆಯ ಬಿಡುವು

18 ಜೂನ್ 2024, ಮಂಗಳವಾರ
ಶಿವಮೊಗ್ಗ

ನಾಡಿದ್ದು 20ನೇ ತಾರೀಖು. ಜಿಎಸ್‌ಟಿಯ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಲು ಅದೇ ಕಡೆಯ ದಿನವಾದ್ದರಿಂದ ಕಚೇರಿಯಲ್ಲಿ ಇಂದು ಯಾರೂ ತಲೆ ಎತ್ತಲಿಲ್ಲ. ಎಷ್ಟೋ ವ್ಯಾಪಾರಿಗಳ ಖರೀದಿ ಬಿಲ್ಲುಗಳು, ಮಾರಿದವರು ಸಲ್ಲಿಸಿದ ವಿವರಗಳಿರುವ 2ಬಿ ಪಟ್ಟಿಯೊಂದಿಗೆ ಇನ್ನೂ ತಾಳೆಯಾಗಿಲ್ಲ. ಇಂಥ ವಾರದಲ್ಲೇ ಸಿಗರೇಟು ಬಿಡಬೇಕಿತ್ತೇ, ಕೆಲಸದ ಭಾರ ಕಳೆದ ಮೇಲೆ ಬಿಟ್ಟರಾಗದೇ ಎಂದು ಪಕ್ಕದ ಮೇಜಿನ ಗೆಳೆಯ ಕೇಳಿದ. ಲೆಕ್ಕ ಬರೆಯುವವರಿಗೆ ಭಾರವಿಲ್ಲದ ವಾರ ಯಾವುದಿದೆ? ಇದು ಮುಗಿದರೆ ಜುಲೈ 31ರ ಆದಾಯ ತೆರಿಗೆ, ಅದು ಮುಗಿದರೆ ಸೆಪ್ಟೆಂಬರಿನ ಆಡಿಟ್. ಅವನಿಗೆ ಇಷ್ಟನ್ನೇ ಹೇಳಿ ಸುಮ್ಮನಾದೆ.

ನಾಲ್ಕು ಗಂಟೆಯ ಹೊತ್ತು ಮಾತ್ರ ನಿಜಕ್ಕೂ ಕಷ್ಟವಾಗಿತ್ತು. ಬೆರಳುಗಳು ತಾವಾಗಿಯೇ ಅಂಗಿಯ ಜೇಬಿಗೆ ಹೋಗುತ್ತವೆ, ಪರದೆಯ ಮೇಲಿನ ಅಂಕಿಗಳು ಎರಡೆರಡು ಸಲ ಓದಿದರೂ ತಲೆಗೆ ಇಳಿಯುವುದಿಲ್ಲ, ಯಾರಾದರೂ ಹೆಸರು ಹಿಡಿದು ಕರೆದರೆ ಸಿಡುಕು ಬರುತ್ತದೆ. ಇಷ್ಟು ವರ್ಷ ಇದನ್ನು ಕೆಲಸದ ಒತ್ತಡವೆಂದೇ ತಿಳಿದು ಬದುಕಿದವರು ನಾವು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಚಡಪಡಿಕೆ ಏಳುತ್ತದೆ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ಅಡಗಿಸಿದಾಗ, ಅದು ಕೆಲಸದ ಬೇಗೆಯನ್ನೇ ಆರಿಸಿತೆಂದು ನಂಬುತ್ತೇವೆ. 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೇಖನವೊಂದು, ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಬಿಡದವರಿಗಿಂತ ಕಡಿಮೆಯಾದವು ಎಂದು ತೋರಿಸಿತು. ಅದನ್ನು ಓದಿದ ದಿನ ನನಗೆ ಬಂದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಸಿಟ್ಟು. ನನ್ನೊಳಗೆ ಒತ್ತಡವನ್ನು ಹುಟ್ಟಿಸಿ, ಅದಕ್ಕೆ ಮದ್ದನ್ನೂ ತಾನೇ ಮಾರುವ ವಸ್ತುವಿಗೆ ದಿನವೂ ದುಡ್ಡು ಕೊಟ್ಟಿದ್ದೇನಲ್ಲ ಎಂಬ ಸಿಟ್ಟು.

ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಜಗುಲಿಯಲ್ಲಿ ಕುಳಿತು ಮಳೆ ನೋಡುತ್ತಿದ್ದರು. ಬೆಂಗಳೂರಿನ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದವರು ಅವರು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ಎಂದು ಪ್ರತಿ ನಿಲ್ದಾಣಕ್ಕೂ ಒಂದೊಂದು ಸಿಗರೇಟು ಇಟ್ಟುಕೊಂಡಿದ್ದವರು, ಕೆಲಸದಲ್ಲಿದ್ದಾಗಲೇ ಬಿಟ್ಟರು. ನನ್ನ ಮುಖ ನೋಡಿದವರೇ ಕೇಳಿದರು:

“ಸಿಗರೇಟಿನ ಜೊತೆ ಬಿಡುವನ್ನೂ ಬಿಟ್ಟುಬಿಟ್ಟೆಯೇನಪ್ಪ?”

ನನಗೆ ತಕ್ಷಣ ಅರ್ಥವಾಗಲಿಲ್ಲ. “ನಾಲ್ಕು ಗಂಟೆಗೆ ಏನು ಮಾಡ್ತೀಯ?” ಎಂದರು. ಕುರ್ಚಿ ಬಿಟ್ಟು ಏಳುವುದಿಲ್ಲ, ಎದ್ದರೆ ಕಾಲು ಗೂಡಂಗಡಿಯ ಕಡೆಗೇ ಹೋಗುತ್ತದೆ, ಅದಕ್ಕೇ ಹಲ್ಲು ಕಚ್ಚಿ ಕೂರುತ್ತೇನೆ ಭಾವ ಎಂದೆ.

“ಹಾಗೆ ಕೂತರೆ ಎಷ್ಟು ದಿನ ನಡೆದೀತು? ಕಡೂರು ಬಂದರೆ ನಾನು ಬಸ್ಸು ನಿಲ್ಲಿಸಲೇಬೇಕಿತ್ತು, ಜನ ಇಳಿಯಬೇಕು, ಹತ್ತಬೇಕು. ನಿಲ್ಲಿಸಿದ ಮೇಲೆ ಕೈ ಸುಮ್ಮನಿರೋದಿಲ್ಲ. ಇಳಿದು ಒಂದೊಂದೇ ಟೈರು ತಟ್ಟಿ ನೋಡಿಕೊಂಡು ಬಸ್ಸಿಗೆ ಒಂದು ಸುತ್ತು ಬರ್ತಿದ್ದೆ. ಸುತ್ತು ಮುಗಿಯೋ ಹೊತ್ತಿಗೆ ಆಸೆ ಇಳಿದಿರ್ತಿತ್ತು, ಕಂಡಕ್ಟರ್ ‘ರೈಟ್’ ಅಂತಿದ್ದ.”

ಭಾವ ಯಾವ ಪುಸ್ತಕವನ್ನೂ ಓದಿ ಹೇಳಿದ್ದಲ್ಲ. ಆದರೆ ಸೇದಬೇಕೆಂಬ ತೀವ್ರ ಆಸೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಗ್ಗುತ್ತದೆಂದು ವೈದ್ಯರೂ ಹೇಳುತ್ತಾರೆ, ಅಷ್ಟು ನಿಮಿಷಗಳನ್ನು ದಾಟಿಸುವ ಒಂದು ಕೆಲಸ ಕೈಗೆ ಬೇಕು. ನಾನು ಸಿಗರೇಟನ್ನು ತೆಗೆದ ಜಾಗದಲ್ಲಿ ಏನನ್ನೂ ಇಡದೆ, ಇನ್ನಷ್ಟು ಬಿಲ್ಲುಗಳನ್ನು ತುಂಬುತ್ತಿದ್ದೆ.

ಆದ್ದರಿಂದ ನಾಳೆಯಿಂದ ದಿನವನ್ನು ಬೇರೆ ರೀತಿಯಲ್ಲಿ ಹಂಚಬೇಕು. ಮನಸ್ಸಿನ ಗಟ್ಟಿತನ ಬೆಳಿಗ್ಗೆ ಇದ್ದಷ್ಟು ಸಂಜೆ ಇರುವುದಿಲ್ಲವೆಂಬುದು ಈಗ ಚೆನ್ನಾಗಿ ಗೊತ್ತಾಗಿದೆ. ಹಾಗಿರುವಾಗ ತಲೆ ತಿನ್ನುವ ತಾಳೆಯ ಕೆಲಸವನ್ನು ಊಟಕ್ಕೆ ಮೊದಲೇ ಮುಗಿಸಿ, ಮೂರೂವರೆಯ ನಂತರಕ್ಕೆ ವೋಚರುಗಳನ್ನು ಜೋಡಿಸುವುದು, ವ್ಯಾಪಾರಿಗಳಿಗೆ ಫೋನ್ ಮಾಡುವುದು ಮುಂತಾದ ಹಗುರ ಕೆಲಸಗಳನ್ನು ಇಟ್ಟುಕೊಳ್ಳಬೇಕು. ನಾಲ್ಕಕ್ಕೆ ಎದ್ದು, ಗೂಡಂಗಡಿಯಿರುವ ಮುಂಬಾಗಿಲನ್ನು ಬಿಟ್ಟು ಹಿಂದಿನ ಮೆಟ್ಟಿಲಿಳಿದು ಒಂದು ಸುತ್ತು ನಡೆದು ಬರಬೇಕು. ಕಾಫಿಯನ್ನೂ ಅರ್ಧಕ್ಕೆ ಇಳಿಸಬೇಕು. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಹೊರಹಾಕುವಂತೆ ಮಾಡುತ್ತವಂತೆ. ಸೇದುವುದು ನಿಂತ ಮೇಲೆ ಅದೇ ಲೋಟ ಫಿಲ್ಟರ್ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಎದೆಬಡಿತ, ನಿದ್ದೆಗೇಡು ತರುತ್ತದೆ. ರಾತ್ರಿ ಕಣ್ಣು ಮುಚ್ಚದೆ ಹೊರಳಾಡಿದ್ದಕ್ಕೆ ಇದೂ ಕಾರಣವಿರಬಹುದು, ಎಲ್ಲವನ್ನೂ ಮನಸ್ಸಿನ ದೌರ್ಬಲ್ಯವೆನ್ನಬೇಕಾಗಿಲ್ಲ.

ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ, ತಂಬಾಕು ಬಿಡುವವರ ಸಹಾಯವಾಣಿಯ 1800-11-2356 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಕರೆ ಉಚಿತ. ನಿಮ್ಹಾನ್ಸ್‌ನ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತನಾಡುತ್ತಾರೆ ಎಂಬುದು ದೊಡ್ಡ ಸಮಾಧಾನ, ಏಕೆಂದರೆ ಇಂಥ ಸಂಕಟವನ್ನು ಹೇಳಿಕೊಳ್ಳಲು ನನಗೆ ಬೇರೆ ಭಾಷೆ ಬಾರದು.

ಗೂಡಂಗಡಿಯ ಬಗ್ಗೆ ಮಾತ್ರ ಮನಸ್ಸು ಇನ್ನೂ ಒಂದಾಗಿಲ್ಲ. ಕಂಬಕ್ಕೆ ದಾರದಲ್ಲಿ ಕಟ್ಟಿದ ಆ ಲೈಟರ್ ಸುತ್ತ ನಿಂತು ಮಾತಾಡಿದ ಮಾತುಗಳಿಂದಲೇ ನನಗೆ ಈ ಊರಿನ ಅರ್ಧ ಸ್ನೇಹಿತರು ಸಿಕ್ಕಿದ್ದು. ಅಲ್ಲಿ ಹೋಗದಿದ್ದರೆ ಅವರು ತಪ್ಪು ತಿಳಿಯುತ್ತಾರೆ, ಹೋದರೆ ಯಾರೋ ಒಬ್ಬರು ಪ್ಯಾಕು ಮುಂದೆ ಚಾಚುತ್ತಾರೆ. ಅವರಿಗೆ ನೇರವಾಗಿ ಹೇಳಿಬಿಡುವುದೇ ಸರಿಯೆನಿಸುತ್ತದೆ. 20ರವರೆಗೆ ಹೇಗೂ ಕೆಲಸ ತಳ್ಳಿಕೊಂಡು ಹೋಗುತ್ತದೆ. ಅದರಾಚೆಗಿನ ಭಾನುವಾರ, ಫೈಲಿಲ್ಲ, ಫೋನಿಲ್ಲ, ಮಧ್ಯಾಹ್ನದ ಊಟವಾದ ಮೇಲೆ ಹೊರಗೆ ಮಳೆ, ಆ ಹೊತ್ತಿಗೆ ಏನನ್ನು ಇಡಬೇಕೆಂದು ಭಾವನನ್ನೇ ಕೇಳಬೇಕಿತ್ತು, ಅವರ ರಜೆಯ ದಿನಗಳಲ್ಲಿ ಸುತ್ತು ಬರಲು ಬಸ್ಸೂ ಇರುತ್ತಿರಲಿಲ್ಲವಲ್ಲ