ಬೆಳಗೊಳದಲ್ಲಿ ಮೂರು ಹೊತ್ತಿನ ಸಾಮಾಯಿಕ

ಸಾಮಾಯಿಕವೆಂದರೆ ಮಮತೆ ಬಿಟ್ಟು ಸಮಭಾವದಲ್ಲಿ ನೆಲೆಸುವ ಜೈನರ ಧ್ಯಾನ. ಬೆಳಗಿನದು ಚಿಕ್ಕಬೆಟ್ಟದಲ್ಲಿ, ಮಧ್ಯಾಹ್ನದ್ದು ದೊಡ್ಡಬೆಟ್ಟದಲ್ಲಿ, ಸಂಜೆಯದು ಊರೊಳಗೆ. ಶ್ರವಣಬೆಳಗೊಳದ ಒಂದು ದಿನವನ್ನು ನಾವು ಹೀಗೆ ಹೊಂದಿಸಿಕೊಂಡೆವು. ಚನ್ನರಾಯಪಟ್ಟಣದಿಂದ ಹೋಗುವವರು ಹಿಂದಿನ ರಾತ್ರಿಯೇ ಊರು ಸೇರಿದರೆ ಲೇಸು.

ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿಯಲ್ಲಿ ಬೆಳಿಗ್ಗೆ ಜನ ಕಡಿಮೆ. ಸಲ್ಲೇಖನ, ಅಂದರೆ ಸಾಯುವವರೆಗಿನ ಉಪವಾಸವ್ರತ ಕೈಗೊಂಡು ದೇಹ ಬಿಟ್ಟವರ ಹೆಸರುಗಳು ಇಲ್ಲಿ ಬಂಡೆಯ ಮೈಮೇಲೇ ಕೆತ್ತಿವೆ. ಮಮತೆ ಬಿಡುವ ಅಭ್ಯಾಸಕ್ಕೆ ನಾಡಿನಲ್ಲಿ ಇದಕ್ಕಿಂತ ತಕ್ಕ ಜಾಗ ಮತ್ತೊಂದಿಲ್ಲ.

ಒಂದು ಸಾಮಾಯಿಕಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ನಿಂತು, ಇಷ್ಟು ಹೊತ್ತು ಇಷ್ಟು ಜಾಗ ಬಿಟ್ಟು ಕದಲುವುದಿಲ್ಲ, ಮೈಮೇಲಿನದರ ಹೊರತು ಬೇರಾವುದೂ ನನ್ನದಲ್ಲ ಎಂದು ಸಂಕಲ್ಪ ಮಾಡಬೇಕು. ಪಾದಗಳ ನಡುವೆ ನಾಲ್ಕು ಅಂಗುಲ ಅಂತರ, ತೋಳು ಸಡಿಲವಾಗಿ ಇಳಿಬಿಟ್ಟಿರಬೇಕು, ದೃಷ್ಟಿ ಮೂಗಿನ ತುದಿಯಲ್ಲಿ. ಒಂಬತ್ತು ಸಲ ಣಮೋಕಾರ, ಅಂದರೆ ಅರಹಂತರಿಂದ ಸಾಧುಗಳವರೆಗೆ ಐವರಿಗೆ ನಮಿಸುವ ಜೈನ ಮಂತ್ರ. ಒಂದೊಂದಕ್ಕೆ ಮೂರು ಉಸಿರು. ಉಸಿರೆಳೆದು ‘ಣಮೋ ಅರಹಂತಾಣಂ’, ಬಿಟ್ಟು ‘ಣಮೋ ಸಿದ್ಧಾಣಂ’; ಎರಡನೆಯದರಲ್ಲಿ ಆಚಾರ್ಯ, ಉಪಾಧ್ಯಾಯರು; ಮೂರನೆಯದರಲ್ಲಿ ‘ಣಮೋ ಲೋಏ’ ಎಳೆದು ‘ಸವ್ವ ಸಾಹೂಣಂ’ ಬಿಡುವುದು. ಬಳಿಕ ಮುಗಿದ ಕೈಯನ್ನು ಸುತ್ತಿಸುವ ಮೂರು ಆವರ್ತ, ತಲೆಬಾಗುವ ಒಂದು ಶಿರೋನತಿ. ಬಲಕ್ಕೆ ತಿರುಗುತ್ತಾ ನಾಲ್ಕೂ ದಿಕ್ಕಿಗೆ ಹೀಗೇ ಮಾಡಿದರೆ 36 ಣಮೋಕಾರ, 12 ಆವರ್ತ, 108 ಉಸಿರು. ಆಮೇಲೆ ಕುಳಿತು ಜಪ, ಆತ್ಮಚಿಂತನೆ.

ಕೆಡುವುದು ಹೆಚ್ಚಾಗಿ ಉಸಿರಿನಲ್ಲೇ. ಅವಸರದಲ್ಲಿ ಒಂದೇ ಉಸಿರಿಗೆ ಇಡೀ ಮಂತ್ರ ಮುಗಿಸಿದರೆ ಬಾಯಿ ಮುಂದೆ ಓಡುತ್ತದೆ, ಮನಸ್ಸು ಊರಲ್ಲೇ ಉಳಿಯುತ್ತದೆ. ಶಾಸ್ತ್ರ ಹೇಳುವ ಐದು ಅತಿಚಾರಗಳಲ್ಲಿ, ಅಂದರೆ ವ್ರತದೋಷಗಳಲ್ಲಿ, ಮನ, ವಚನ, ಕಾಯಗಳ ಚಾಂಚಲ್ಯ ಮೂರಾದರೆ, ಅನಾದರ ಮತ್ತು ಮರೆವು ಉಳಿದೆರಡು. ಎಷ್ಟನೆಯ ಣಮೋಕಾರ ಎಂಬುದು ಮರೆತೇಹೋಗುತ್ತದೆ. ಮೂರು ಬೆರಳುಗಳ ಒಂಬತ್ತು ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತಾ ಹೋದರೆ ತಪ್ಪುವುದಿಲ್ಲ. ಪದ್ಮಾಸನ ಆಗದವರಿಗೆ ಅರ್ಧಪದ್ಮಾಸನವೂ ಸರಿ, ನಿಂತೇ ಮಾಡಿದರೂ ಸರಿ. ಜಪದ ನಡುವೆ ಆಸನ ಬದಲಿಸಬಾರದು, ಅಷ್ಟೆ.

ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರುವ ಮುಂಚೆ ಹತ್ತಿ, ಇಳಿಯುವಾಗ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಮಧ್ಯಾಹ್ನ ಬಂಡೆ ಕಾದು ಅಂಗಾಲು ಊರಲು ಬಿಡುವುದಿಲ್ಲ. 58 ಅಡಿಯ ಬಾಹುಬಲಿ ಉತ್ತರಕ್ಕೆ ಮುಖ ಮಾಡಿ ಕಾಯೋತ್ಸರ್ಗದಲ್ಲಿ, ಅಂದರೆ ಮೈಯ ಮಮತೆ ಬಿಟ್ಟು ಕದಲದ ಭಂಗಿಯಲ್ಲಿ ನಿಂತಿದ್ದಾನೆ. ಬಂದವರೆಲ್ಲ ಮುಖ ನೋಡುತ್ತಾರೆ. ಕಾಲ ಬಳಿಯೂ ನೋಡಬೇಕು. ಇಕ್ಕೆಲದ ಹುತ್ತದಿಂದ ಹಾವುಗಳು ಹೊರಬಂದಿವೆ, ತೊಡೆ ದಾಟಿ ತೋಳಿಗೂ ಮಾಧವಿ ಬಳ್ಳಿ ಹಬ್ಬಿದೆ. ಇಷ್ಟಾದರೂ ‘ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆ’ ಎಂಬ ಒಂದೇ ಶಲ್ಯ, ಮನಸ್ಸಿನ ಮುಳ್ಳು, ಉಳಿದಿತ್ತು, ಅದು ಕಳೆಯುವವರೆಗೂ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಪೂರ್ಣಜ್ಞಾನ ತಡೆಯಿತು ಎನ್ನುತ್ತದೆ ಕಥೆ. ರಾಜ್ಯ ಬಿಟ್ಟವನಿಗೂ ನೆಲದ ಎಣಿಕೆ ಬಿಡಲಿಲ್ಲ! ಮಧ್ಯಾಹ್ನದ ಸಾಮಾಯಿಕಕ್ಕೆ ನೆರಳಿರುವ ಒದೆಗಲ್ ಬಸದಿಯೇ ಅನುಕೂಲ.

ಸೂರ್ಯ ಮುಳುಗುವ ಮೊದಲೇ ಊಟ, ಅದೂ ಮಿತವಾಗಿ. ಹೊಟ್ಟೆ ಭಾರವಾದರೆ ಸಂಜೆಯ ಜಪದಲ್ಲಿ ತೂಕಡಿಕೆ ಖಂಡಿತ. ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ 24 ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಜಿನಬಿಂಬದ ಎದುರು ದಿಕ್ಕು ಹುಡುಕಬೇಕಿಲ್ಲ, ಬಿಂಬದ ಕಡೆಗೇ ಮುಖ ಮಾಡಿ ಮೂರನೆಯದನ್ನು ಶುರುಮಾಡಬಹುದು.